ಐವತ್ನಾಲ್ಕು ಚಿತ್ರಗಳ ಬೆಟ್ಟ

ಬೆಳಗಿನ ನಾಲ್ಕೂವರೆ. ಮೇ ತಿಂಗಳಾದ್ದರಿಂದ ಬೆಳಕು ಬಂದಾಗಿದೆ, ಬಿಸಿಲು ಬಂದಿಲ್ಲ. ಓಡ್ರುನ್‌ಗೆ ಬೇಕಾದದ್ದು ಇವೆರಡರ ನಡುವಿನ ಈ ಹೊತ್ತು. ದಡದಲ್ಲಿ ದೋಣಿ ಇಡುವ ಶೆಡ್ಡಿನ ಹಿಂದೆ ಬಂಡೆಗೆ ಹೊಡೆದಿರುವ ಮೂರು ಕಬ್ಬಿಣದ ಗೂಟಗಳ ಮೇಲೆ ಕ್ಯಾಮೆರಾದ ಮುಕ್ಕಾಲಿ ಕೂರಿಸಿ, ತಿರುಪು ಬಿಗಿದು ಗುಂಡಿ ಒತ್ತುತ್ತಾಳೆ. "ಒಂದು." ಕ್ಯಾಮೆರಾವನ್ನು ಒಂಚೂರು ಬಲಕ್ಕೆ ತಿರುಗಿಸಿ, ಅಲುಗಾಟ ನಿಲ್ಲುವವರೆಗೆ ಕಾದು, ಮತ್ತೆ ಒತ್ತುತ್ತಾಳೆ. "ಎರಡು." ಕೊಲ್ಲಿಯ ಆಚೆ ದಡದಲ್ಲಿ ಗ್ರಾನೂತ ಬೆಟ್ಟ ಬೂದುಬಣ್ಣದಲ್ಲಿ ನಿಂತಿದೆ. ಅದರ ಬುಡದಲ್ಲಿ ಒಂದೇ ಒಂದು ಮನೆ, ಒಂದು ಕುರಿಕೊಟ್ಟಿಗೆ.

ಪತ್ರಿಕೆಯ ಮರ್ಯಾದೆಗೆಂದು 'ಅವರು', 'ಇವರು' ಎಂದೆಲ್ಲ ಬರೆದರೆ ಓಡ್ರುನ್ ನನ್ನನ್ನು ಹಿಡಿದು ನೀರಿಗೆ ತಳ್ಳುತ್ತಾಳೆ. ನಾರ್ವೆಯ ಈ ಪಶ್ಚಿಮ ಕರಾವಳಿಗೆ ಮದುವೆಯಾಗಿ ಬಂದು ನನಗೆ ಇಪ್ಪತ್ತಮೂರು ವರ್ಷವಾಯಿತು. ಅಷ್ಟೂ ವರ್ಷ ಅವಳು ನನಗೆ 'ಅವಳೇ'. ಅರವತ್ತೊಂದು ವಯಸ್ಸು, ಗಿಡ್ಡ ಮೈಕಟ್ಟು, ಸದಾ ಗಂಟಿಕ್ಕಿದ ಹುಬ್ಬು. ಎಂಟು ವರ್ಷದಿಂದ ಪ್ರತಿದಿನ, ಮೋಡವೋ ಮಂಜೋ ಬೆಟ್ಟವನ್ನು ಮುಚ್ಚಿದ ದಿನ ಬಿಟ್ಟು, ಇದೇ ಜಾಗದಲ್ಲಿ ನಿಂತು ಇದೇ ಬೆಟ್ಟದ ಫೋಟೊ ತೆಗೆಯುತ್ತಿದ್ದಾಳೆ. ಮೂರು ಸಾಲು, ಸಾಲಿಗೆ ಹದಿನೆಂಟು, ಒಟ್ಟು ಐವತ್ನಾಲ್ಕು ಚಿತ್ರ. ಒಂದೊಂದಕ್ಕೆ ಹನ್ನೆರಡು ಸೆಕೆಂಡು. ಪ್ರತಿ ಚಿತ್ರವೂ ಹಿಂದಿನದರ ಮೂರನೇ ಒಂದು ಭಾಗವನ್ನು ತನ್ನೊಳಗೆ ಇಟ್ಟುಕೊಂಡಿರಬೇಕು, ಹೊಲಿಯುವಾಗ ಹಿಡಿದುಕೊಳ್ಳಲು ಅಂಚು ಬೇಕಲ್ಲ.

"ಬಿಸಿಲು ಬಿದ್ದರೆ ಮುಗೀತು," ಅನ್ನುತ್ತಾಳೆ. "ನೆರಳೆಲ್ಲ ಬಿರುಕಿನ ಥರ ಕಾಣುತ್ತೆ, ಬಿರುಕೆಲ್ಲ ನೆರಳಿನ ಥರ ಕಾಣುತ್ತೆ. ಹನ್ನೊಂದು ನಿಮಿಷದಲ್ಲಿ ಮುಗಿಸ್ಬೇಕು. ನೀನು ಮಧ್ಯೆ ಮಾತಾಡ್ಬೇಡ."

ಫ್ಲಾಸ್ಕಿನ ಕಾಫಿಯನ್ನು ಸದ್ದಾಗದಂತೆ ಬಗ್ಗಿಸಿಕೊಂಡು ಒಂದು ಪಕ್ಕಕ್ಕೆ ನಿಲ್ಲುತ್ತೇನೆ.

ಮೊದಲು ಅವಳು ಮಾಡುತ್ತಿದ್ದದ್ದು ಚಂದದ ಕೆಲಸ. ಬೆಟ್ಟ, ಕೊಲ್ಲಿ, ಹಳ್ಳಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಿಡಿದ ಮೀಟರ್ ಉದ್ದದ ಪನೋರಮಾ ಚಿತ್ರಗಳನ್ನು ಸುರುಳಿ ಸುತ್ತಿ ದೋಣಿಕಟ್ಟೆಯ ಅಂಗಡಿಯಲ್ಲಿ ಪ್ರವಾಸಿಗರಿಗೆ ಮಾರುತ್ತಿದ್ದಳು. ಒಮ್ಮೆ ದೋಣಿಗೆ ಕಾಯುತ್ತ ನಿಂತಿದ್ದ ಭೂವಿಜ್ಞಾನಿಯೊಬ್ಬ ಹಳೆಯ ಸುರುಳಿ ಒಂದು, ಹೊಸ ಸುರುಳಿ ಒಂದು ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿದ. ಹೊಸದರಲ್ಲಿ ಗ್ರಾನೂತದ ಹೆಗಲ ಮೇಲೆ ಒಂದು ಗೆರೆ ಇತ್ತು, ಹಳೆಯದರಲ್ಲಿ ಇರಲಿಲ್ಲ. ಎರಡನ್ನೂ ಕೊಂಡು ಹೋದ. ಅಲ್ಲಿಗೆ ಓಡ್ರುನ್‌ಳ ನೆಮ್ಮದಿಯೂ ಹೋಯಿತು.

ದುಬಾರಿ ಅಳತೆಯ ಉಪಕರಣಗಳೆಲ್ಲ ದೊಡ್ಡ ಬೆಟ್ಟಗಳ ಪಾಲು. ಒಂದೇ ಮನೆಯ ಮೇಲೆ ವಾಲಿರುವ ಸಣ್ಣ ಬೆಟ್ಟಕ್ಕೆ ಯಾರು ಕೊಡುತ್ತಾರೆ? ಪುರಸಭೆಯವರು ಓಡ್ರುನ್‌ಳನ್ನು ಕೇಳಿದರು. ಆಗಾಗ ಒಂದು ಚಿತ್ರ ತೆಗೆದುಕೊಡು, ಏನಾದರೂ ಕದಲಿದ್ದರೆ ಹೇಳು ಅಂದರು. ಅವಳು ಒಪ್ಪಿಕೊಂಡಳು. ಆ ಒಂದೇ ಮನೆ ಅರ್ನ್‌ಫಿನ್‌ನದು. ಶಾಲೆಯಲ್ಲಿ ಅವಳಿಗಿಂತ ಮೂರು ತರಗತಿ ಮುಂದಿದ್ದವನು, ಒಂಟಿ ಜೀವ, ನಲವತ್ತೆರಡು ಕುರಿಗಳ ಒಡೆಯ, ಬಾಯಿ ಬಿಟ್ಟರೆ ಕುಚೋದ್ಯ.

ಒಂಬತ್ತು ವರ್ಷದ ಹಿಂದಿನ ಅಕ್ಟೋಬರ್ ಬಗ್ಗೆ ಅವಳು ತಾನಾಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ, ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕುತ್ತ, ಮುಖ ನೋಡದೆ ಹೇಳುತ್ತಾಳೆ.

"ಆಗೆಲ್ಲ ಚಿತ್ರಗಳನ್ನ ಕಂಪ್ಯೂಟರಿಗೆ ಕೊಟ್ಟು ಸುಮ್ನೆ ಕೂರ್ತಿದ್ದೆ. ಅದೇ ಹೊಲಿಯೋದು. ಅದಕ್ಕೊಂದು ಚಾಳಿ ಇದೆ. ಎರಡು ಚಿತ್ರ ಒಂದರ ಮೇಲೊಂದು ಬರೋ ಜಾಗದಲ್ಲಿ ಏನಾದ್ರೂ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ದಿದ್ರೆ, ಯಾವುದೋ ಹಕ್ಕಿ ಹಾರಿಹೋಯ್ತು ಅಂದ್ಕೊಂಡು ಅದನ್ನ ಒರೆಸಿ, ನೀಟಾಗಿ ಕೂಡಿಸಿಬಿಡುತ್ತೆ. ಮದುವೆ ಫೋಟೊಗೆ ಒಳ್ಳೇದೇ. ಆವತ್ತು ಇಪ್ಪತ್ತೆರಡನೇ ಚಿತ್ರದಲ್ಲಿ ಬಂಡೆಯಿಂದ ಮಣ್ಣು ಉದುರ್ತಾ ಇತ್ತು. ಇಪ್ಪತ್ಮೂರರಲ್ಲಿ ಇರಲಿಲ್ಲ. ಒರೆಸಿಬಿಡ್ತು."

ಅರ್ನ್‌ಫಿನ್ ಫೋನ್ ಮಾಡಿ, ಬೆಟ್ಟದ ಬುಡದ ಹುಲ್ಲುಗಾವಲಿನಿಂದ ಕುರಿಗಳನ್ನು ಹೊಡೆದುಕೊಂಡು ಬರಬಹುದೇ, ಚಿತ್ರದಲ್ಲಿ ಏನಾದರೂ ಇದೆಯೇ ಎಂದು ಕೇಳಿದ್ದ. "ಏನೂ ಇಲ್ಲ, ಹೋಗು" ಅಂದಿದ್ದಳು. ಅವನು ಹೋದ. ಕಲ್ಲುಗಳು ಉರುಳಿ ಬಂದವು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪ್ರತಿ ಚಳಿಗಾಲಕ್ಕೂ ತನಗೆ ಕಾಲುಚೀಲ ಹೆಣೆದುಕೊಡುತ್ತಿದ್ದ ಅವಳನ್ನು ಆಸ್ಪತ್ರೆಯಲ್ಲಿ ನೋಡಿದವನೇ, "ಇನ್ಮೇಲೆ ಒಂದೇ ಕಾಲುಚೀಲ ಹೆಣೆದರೆ ಸಾಕು ನೋಡು, ನಿನಗೆ ಕೆಲಸ ಉಳೀತು" ಅಂದನಂತೆ. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತಳಂತೆ. ಒಂದು ವರ್ಷ ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ತಾನೇ ಪುರಸಭೆಗೆ ಹೋಗಿ, ಆಗಾಗ ಅಲ್ಲ, ದಿನಾ ತೆಗೆಯುತ್ತೇನೆ ಎಂದು ಹೇಳಿ ಬಂದಳು.

ಅಂದಿನಿಂದ ಹೊಲಿಗೆ ಅವಳ ಕೈಯದೇ. ಅಡುಗೆಮನೆಯ ಮೇಜಿನ ಮೇಲೆ ಎರಡು ಪರದೆ. ಐವತ್ನಾಲ್ಕು ಚಿತ್ರಗಳು ಒಂದಕ್ಕೊಂದು ಕೂಡುವ ಎಂಬತ್ತೇಳು ಅಂಚುಗಳನ್ನು ಒಂದೊಂದಾಗಿ ಹಿಗ್ಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಪುರಸಭೆ ಕೊಡುವುದು ಮೂರು ಗಂಟೆಯ ಕೂಲಿ. ಅವಳು ಕೂರುವುದು ಆರು ಗಂಟೆ. ಅಂಚು ಸರಿಯಾಗಿ ಕೂಡದಿದ್ದರೆ ಸಾಮಾನ್ಯ ಫೋಟೊದವರಿಗೆ ಸಿಟ್ಟು ಬರುತ್ತದೆ, ಇವಳು ಫೋನ್ ಎಲ್ಲಿದೆ ಎಂದು ಹುಡುಕುತ್ತಾಳೆ.

ನಾನು ಅವಳ ಬಗ್ಗೆ ಬರೆಯಲು ಹೋದ ಮಂಗಳವಾರವೇ ಹಾಗಾಗಬೇಕೆ!

ಬ್ರೆಡ್ಡಿನ ಮೇಲೆ ಕಂದು ಚೀಸ್ ಹೆರೆದು ನನ್ನ ಕಡೆ ತಳ್ಳಿ, ಅವಳು ಕೆಲಸಕ್ಕೆ ಕೂರುತ್ತಾಳೆ. ಏಳು ಗಂಟೆಯ ಹೊತ್ತಿಗೆ ಮೂವತ್ತೊಂದು ಮತ್ತು ಮೂವತ್ತೆರಡು ಕೂಡುವ ಜಾಗದಲ್ಲಿ ಅವಳ ಕೈ ನಿಲ್ಲುತ್ತದೆ. ಬಂಡೆಯ ತುದಿಯಲ್ಲಿ ಒಂದು ಕುಳ್ಳ ಬರ್ಚ್ ಮರ. ಮೂವತ್ತೊಂದರಲ್ಲಿ ನೆಟ್ಟಗಿದೆ. ಹನ್ನೆರಡು ಸೆಕೆಂಡಿನ ನಂತರದ ಮೂವತ್ತೆರಡರಲ್ಲಿ ಮೂರು ಚುಕ್ಕಿಯಷ್ಟು ಕೆಳಕ್ಕೆ ವಾಲಿದೆ. ಪರದೆಯ ಒಂದು ಚುಕ್ಕಿ ಅಂದರೆ ಅಲ್ಲಿ ಬೆಟ್ಟದ ಮೇಲೆ ಅಂಗೈ ಅಗಲ.

"ನಿನ್ನ ಕಾಲು ಮುಕ್ಕಾಲಿಗೆ ತಾಗಿತಾ?"

"ಗೊತ್ತಿಲ್ಲ ಕಣೇ. ಕಾಫಿ ಬಗ್ಗಿಸಿಕೊಂಡೆ. ತಾಗಿತೋ ಏನೋ."

"ಸತ್ಯ ಹೇಳು, ಬೈಯಲ್ಲ."

"ಸತ್ಯವಾಗ್ಲೂ ನೆನಪಿಲ್ಲ."

ಅವಳು ಬೈಯುವುದಿಲ್ಲ. ಪಕ್ಕದ ಮರ ನೋಡುತ್ತಾಳೆ, ಕದಲಿಲ್ಲ. ಮೇಲಿನ ಬಿಳಿ ಕಲ್ಲಿನ ಪಟ್ಟೆ ನೋಡುತ್ತಾಳೆ, ಕದಲಿಲ್ಲ. "ನೀನು ಒದ್ದಿದ್ರೆ ಇಡೀ ಬೆಟ್ಟ ಅಲ್ಲಾಡಬೇಕಿತ್ತು. ಇದು ಒಂದೇ ಮರ." ಗಾಳಿಯೇ? ನೀರು ಕನ್ನಡಿಯ ಹಾಗೆ ನಿಂತಿತ್ತು, ನಾನೇ ನೋಡಿದ್ದೇನೆ. ಮತ್ತೊಮ್ಮೆ ತೆಗೆದು ನೋಡೋಣವೆಂದರೆ ಬೆಟ್ಟದ ಮೇಲೆ ಬಿಸಿಲು ಬಿದ್ದಾಗಿದೆ. ನಾಳೆಯವರೆಗೆ ಕಾಯಬೇಕು, ಇಲ್ಲವೇ ಈಗಲೇ ಫೋನ್ ಮಾಡಬೇಕು.

ಇಲ್ಲೊಂದು ಮಾತು ಹೇಳಬೇಕು. ಈ ಎಂಟು ವರ್ಷದಲ್ಲಿ ಓಡ್ರುನ್ ಎರಡು ಸಲ ಅರ್ನ್‌ಫಿನ್‌ನನ್ನು ಮನೆ ಬಿಡಿಸಿದ್ದಾಳೆ. ಎರಡು ಸಲವೂ ಏನೂ ಬೀಳಲಿಲ್ಲ. ಎರಡನೆಯ ಸಲ ಅಂಗಡಿಯಲ್ಲಿ ಜನ ಅವಳನ್ನು ನೋಡಿ ಮೇಲಿಂದ ಕಲ್ಲು ಬೀಳುತ್ತಿದೆಯೇನೋ ಎಂಬಂತೆ ಆಕಾಶದ ಕಡೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿ ನಕ್ಕಿದ್ದರು. ಈಗಂತೂ ಕುರಿಗಳು ಈಯುವ ಕಾಲ.

ಅವಳು ಫೋನ್ ಎತ್ತಿಕೊಳ್ಳುತ್ತಾಳೆ. ಮೊದಲು ಪುರಸಭೆಯ ತುರ್ತು ಕೆಲಸದ ಅಧಿಕಾರಿ ರಾಗ್ನಿಲ್ಡ್‌ಗೆ. ಆಚೆಯ ದನಿ ನನಗೂ ಕೇಳಿಸುತ್ತದೆ.

"ಒಂದು ಮರಾನಾ ಓಡ್ರುನ್? ಹಕ್ಕಿ ಕೂತಿರಬಹುದಲ್ವಾ?"

"ಕೂತಿರಬಹುದು."

"ಹಾಗಾದ್ರೆ?"

"ಹಕ್ಕಿ ಅಂದ್ಕೊಂಡೇ ಒಂದು ಕಾಲು ಹೋಗಿದೆ."

ರಾಗ್ನಿಲ್ಡ್ ಎರಡು ದಿನದ ಮಟ್ಟಿಗೆ ಜಾಗ ಖಾಲಿ ಮಾಡಿಸಲು ಒಪ್ಪುತ್ತಾಳೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಧಿ ಮುಗಿಯುತ್ತದೆ, ಅಷ್ಟರೊಳಗೆ ಹೊಸದೇನೂ ಕಾಣದಿದ್ದರೆ ಇನ್ನು ತಡೆಯಲಾಗದು ಎನ್ನುತ್ತಾಳೆ. ಅವಳದೂ ತಪ್ಪಿಲ್ಲ.

ಅರ್ನ್‌ಫಿನ್ ಬಾಯಿಗೆ ಬಂದಂತೆ ಬೈಯುತ್ತಾನೆ. ಬೈಯುತ್ತಲೇ ಟ್ರೇಲರಿಗೆ ಕುರಿ ಹತ್ತಿಸುತ್ತಾನೆ. ಊರಿನ ಹನ್ನೆರಡು ಜನ ಕೆಲಸ ಬಿಟ್ಟು ಬರುತ್ತಾರೆ. ಬೇಲಿಯೊಂದಿಗೆ ಬರುವವರು, ವಾಫಲ್ ಎಂಬ ಸಿಹಿ ದೋಸೆಯ ಹಿಟ್ಟಿನೊಂದಿಗೆ ಬರುವವರು, ಬರೀ ಟೀಕೆಯೊಂದಿಗೆ ಬರುವವರು. ಸಂಜೆಯೊಳಗೆ ಕುರಿಗಳೆಲ್ಲ ಈಚೆ ದಡದ ಸಮುದಾಯ ಭವನದ ಹಿತ್ತಲಲ್ಲಿವೆ. ಎರಡು ಮರಿಗಳು ದಾರಿಯಲ್ಲೇ ಹುಟ್ಟಿವೆ.

ಬುಧವಾರದ ಚಿತ್ರದಲ್ಲಿ ಹೊಸದೇನೂ ಇಲ್ಲ. ಮರ ವಾಲಿದಲ್ಲೇ ನಿಂತಿದೆ, ಅಂಚುಗಳೆಲ್ಲ ಕೂಡುತ್ತವೆ. ಅಂಗಡಿಯಲ್ಲಿ ಒಬ್ಬ ನನ್ನನ್ನೇ ಕೇಳುತ್ತಾನೆ: "ಏನಮ್ಮಾ, ನಿನ್ನ ಗೆಳತಿಗೆ ಕನ್ನಡಕ ಬದಲಾಯಿಸೋಕೆ ಹೇಳಬಾರದಾ?" ಮೈಯೆಲ್ಲ ಉರಿದುಹೋಗುತ್ತದೆ. ಆದರೆ ನನಗೂ ಒಳಗೊಳಗೇ ಅಳುಕು. ಬರೀ ಆ ಮರದ ಬೇರು ಸಡಿಲವಾಗಿ ವಾಲಿದ್ದರೆ?

ಗುರುವಾರ ಬೆಳಿಗ್ಗೆಯೂ ಹೋಗುತ್ತೇನೆ. ಈ ಸಲ ಹತ್ತು ಹೆಜ್ಜೆ ದೂರದಲ್ಲಿ, ಕೈ ಕಟ್ಟಿಕೊಂಡು. ಐವತ್ನಾಲ್ಕು ಚಿತ್ರ. ಎಂಬತ್ತೇಳು ಅಂಚು. ಅವಳು ರಾತ್ರಿ ನಿದ್ದೆ ಮಾಡಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ. ಎಂಟರೊಳಗೆ ಅವಸರದಲ್ಲಿ ಒಂದು ಸುತ್ತು ನೋಡಿ ಮುಗಿಸುತ್ತಾಳೆ; ಎಲ್ಲವೂ ಕೂಡುತ್ತವೆ, ಒಂದು ಚುಕ್ಕಿಯೂ ಆಚೀಚೆ ಇಲ್ಲ. ಎಂಟಕ್ಕೆ ರಾಗ್ನಿಲ್ಡ್‌ಳ ಸಂದೇಶ ಬರುತ್ತದೆ: ಅವಧಿ ಮುಗಿಯಿತು. ಎಂಟೂ ಐದಕ್ಕೆ ಅರ್ನ್‌ಫಿನ್‌ನ ಫೋನ್.

"ಏನವ್ವಾ, ಮನೆಗೆ ಹೋಗಲಾ? ಕುರಿಗಳಿಗೆ ಹುಲ್ಲು ತರಬೇಕು. ಇಲ್ಲಿ ಭವನದ ಕಿಟಕಿಗೆ ತಲೆ ತೂರಿಸಿ ಪರದೆ ತಿಂತಾ ಇದಾವೆ."

"ಬೇಡ."

"ಚಿತ್ರದಲ್ಲಿ ಏನಿದೆ?"

ಓಡ್ರುನ್ ಕಣ್ಣು ಮುಚ್ಚಿಕೊಳ್ಳುತ್ತಾಳೆ. "ಏನೂ ಇಲ್ಲ."

"ಮತ್ತೆ?"

"ಏನೂ ಇಲ್ಲ ಅಂತ ಒಂದ್ಸಲ ನಿನಗೆ ಹೇಳಿದ್ದೆ, ಅರ್ನ್‌ಫಿನ್."

ಆಚೆ ಕಡೆ ಕುರಿಗಳ ಅರಚಾಟವಷ್ಟೇ ಕೇಳುತ್ತಿದೆ. ಹೋಗುತ್ತೇನೆ ಅಂದರೆ ತಡೆಯುವ ಅಧಿಕಾರ ಈಗ ಯಾರಿಗೂ ಇಲ್ಲ. ಈಯುತ್ತಿರುವ ಕುರಿಗಳನ್ನು ಉಪವಾಸ ಕೆಡವಿ ಕೂರುವ ಮನುಷ್ಯ ಅವನಲ್ಲ.

"ಎಷ್ಟು ದಿನ?" ಕೊನೆಗೆ ಕೇಳುತ್ತಾನೆ.

"ಗೊತ್ತಿಲ್ಲ. ಬೇಕಾದ್ರೆ ನನ್ನ ಬೈಕೋ. ಹೋಗ್ಬೇಡ."

"ನಿನ್ನನ್ನ ಬೈದು ಬೈದು ನನಗೂ ಸಾಕಾಗಿದೆ," ಅನ್ನುತ್ತಾನೆ. "ಪಕ್ಕದೂರಿಂದ ಹುಲ್ಲು ತರಿಸ್ತೀನಿ."

ಫೋನ್ ಇಟ್ಟ ಮೇಲೆ ಅವಳು ಪರದೆ ಆರಿಸುವುದಿಲ್ಲ. ಮಂಗಳವಾರದ ಮೂವತ್ತೊಂದನ್ನೂ ಮೂವತ್ತೆರಡನ್ನೂ ತೆರೆದಿಟ್ಟು, ಒಂದರ ಮೇಲೊಂದು ಹಾಕಿ, ತೆಗೆದು, ಮತ್ತೆ ಹಾಕುತ್ತಾಳೆ. ಮರ ವಾಲುತ್ತದೆ, ಏಳುತ್ತದೆ, ವಾಲುತ್ತದೆ. "ನಾನೇ ಹುಚ್ಚಿ ಆಗಿದ್ದೀನೇನೋ," ಅನ್ನುತ್ತಾಳೆ.

ಒಂಬತ್ತೂ ಇಪ್ಪತ್ತಕ್ಕೆ ಮೇಜಿನ ಮೇಲಿನ ಬಟ್ಟಲುಗಳು ಗಲಗಲ ಅನ್ನುತ್ತವೆ. ಮೊದಲು ಅದು ದೋಣಿಯ ಇಂಜಿನ್ ಅಂದುಕೊಳ್ಳುತ್ತೇನೆ. ಓಡ್ರುನ್ ಆಗಲೇ ಬಾಗಿಲಲ್ಲಿದ್ದಾಳೆ. ಕೊಲ್ಲಿಯ ಆಚೆ ಗ್ರಾನೂತದ ಹೆಗಲು ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಜಾರುತ್ತಿದೆ. ಆಮೇಲೆ ಸದ್ದು, ಆಮೇಲೆ ಬೂದು ದೂಳು. ಮನೆ, ಕೊಟ್ಟಿಗೆ ಯಾವುದೂ ಕಾಣುವುದಿಲ್ಲ. ಅವಳು ನನ್ನ ತೋಳು ಹಿಡಿದ ಬಿಗಿಗೆ ನಾಲ್ಕು ದಿನವಾದರೂ ಗುರುತು ಹೋಗಿಲ್ಲ. "ಹೋಗಿಲ್ಲ ತಾನೆ? ಅವನು ಹೋಗಿಲ್ಲ ತಾನೆ?" ಎಂದು ಕೇಳುತ್ತಲೇ ಇದ್ದಾಳೆ. ಅವನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಎರಡನೇ ಸಲವೂ ಎತ್ತುತ್ತಿಲ್ಲ.

ಹತ್ತು ನಿಮಿಷದ ನಂತರ ಅವನೇ ಕುಂಟುತ್ತ ಅಂಗಳಕ್ಕೆ ಬರುತ್ತಾನೆ, ಕಂಕುಳಲ್ಲಿ ಒಂದು ಮರಿ. ಫೋನನ್ನು ಭವನದಲ್ಲೇ ಮರೆತಿದ್ದನಂತೆ. ದೂಳು ಇಳಿದ ಕಡೆ ನೋಡುತ್ತ ನಿಲ್ಲುತ್ತಾನೆ. ಕೊಟ್ಟಿಗೆ ಇದ್ದ ಜಾಗದಲ್ಲಿ ಬಂಡೆಗಳಿವೆ. ಮನೆಯ ಅರ್ಧ ಉಳಿದಿದೆ.

"ಹಾಳು ಟ್ರ್ಯಾಕ್ಟರೂ ಹೋಯ್ತು," ಅನ್ನುತ್ತಾನೆ. "ಅದನ್ನ ಮಾರೋಕೆ ಎರಡು ವರ್ಷದಿಂದ ಒದ್ದಾಡ್ತಾ ಇದ್ದೆ." ಹೇಳುತ್ತ ಹೇಳುತ್ತ ಮರಿಯನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಓಡ್ರುನ್ ಮರಿಯನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಸ್ವೆಟರಿನೊಳಗೆ ಇಟ್ಟುಕೊಳ್ಳುತ್ತಾಳೆ.

ಇದನ್ನು ಬರೆಯುವ ಹೊತ್ತಿಗೂ ಬೆಟ್ಟದಲ್ಲಿ ಕಲ್ಲು ಉದುರುವುದು ನಿಂತಿಲ್ಲ, ಓಡ್ರುನ್ ಬೆಳಗಿನ ಕೆಲಸ ನಿಲ್ಲಿಸಿಲ್ಲ. ಅಂಗಡಿಯ ಜನ ಈಗ ಅವಳಿಗೆ ದಾರಿ ಬಿಡುತ್ತಾರೆ, ಅದು ಅವಳಿಗೆ ಇನ್ನಷ್ಟು ಮುಜುಗರ. ನಿನ್ನ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದ್ದಕ್ಕೆ ಮೊದಲು ಏನೂ ಬೇಡ ಎಂದಳು. ನಾನು ಬಿಡಲಿಲ್ಲ. ಮಧ್ಯದ ಸಾಲು ಮುಗಿಯುವವರೆಗೆ ಗುಂಡಿ ಒತ್ತಿ, ಮೂರನೆಯ ಸಾಲಿಗೆ ಕ್ಯಾಮೆರಾ ಬಗ್ಗಿಸುತ್ತ ಹೇಳಿದಳು:

"ಅದು ಬಿದ್ದಾಗ ಕೆಳಗೆ ಯಾರೂ ಇರಲಿಲ್ಲ ಅಂತ ಬರಿ. ಸಾಕು."