ನಾಯಿ ಸಾಯುವುದಿಲ್ಲ

ವಿಡಿಯೊ ಅಂಗಡಿಯವಳನ್ನು ಬೀದಿಯವರೆಲ್ಲ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಬಾಡಿಗೆಗೆ ಕೊಡುವ ಒಂದೊಂದು ಕ್ಯಾಸೆಟ್ಟನ್ನೂ ಮೊದಲು ತಾನೇ ನೋಡಿ, ಡಬ್ಬಿಯ ಬೆನ್ನಿಗೆ ಒಂದು ಸಾಲಿನ ಚೀಟಿ ಅಂಟಿಸುತ್ತಿದ್ದಳು. ‘ಮೊದಲ ಅರ್ಧ ಗಂಟೆ ತಾಳ್ಮೆ ಇರಲಿ.’ ‘ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಡಿ.’ ‘ಆಸ್ಪತ್ರೆ ಬರುತ್ತದೆ, ಈಚೆಗೆ ಯಾರನ್ನಾದರೂ ಕಳೆದುಕೊಂಡವರಿಗೆ ಬೇಡ.’ ಪೋಸ್ಟರನ್ನು ನಂಬದವರೂ ಚೀಟಿಯನ್ನು ನಂಬುತ್ತಿದ್ದರು. ಅಕ್ಕನಿಗೆ ಅದರ ಜಂಬ ಸ್ವಲ್ಪ ಇತ್ತು, ಇರಬೇಕಾದ್ದೇ.

ಅಷ್ಟೂ ಚೀಟಿಗಳಲ್ಲಿ ಸುಳ್ಳು ಒಂದೇ ಒಂದು. ನಾಯಿಯ ಕಥೆಯ ಕ್ಯಾಸೆಟ್ಟೊಂದನ್ನು ಯಾರದೋ ಮನೆಯ ವಿಸಿಆರ್ ಜಗಿದು ಹಾಕಿತ್ತು. ಹಾಳಾದ ಕೊನೆಯ ಹತ್ತು ನಿಮಿಷದ ಟೇಪನ್ನು ಅಕ್ಕ ಕತ್ತರಿಸಿ ಎಸೆದಳು. ನಾಯಿ ಸಾಯುವುದು ಆ ಹತ್ತು ನಿಮಿಷದಲ್ಲೇ. ಈಗ ಅದು ಮನೆಗೆ ಬಂದು ಬಾಗಿಲಲ್ಲಿ ಮಲಗುವಲ್ಲಿಗೆ ಸಿನಿಮಾ ಮುಗಿಯುತ್ತಿತ್ತು. ಅದೇ ವಾರ, ಸಾಕಿದ ನಾಯಿಯನ್ನು ಕಳೆದುಕೊಂಡ ಲಾರಿ ಡ್ರೈವರ್ ಒಬ್ಬರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಅಕ್ಕ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿಕೊಟ್ಟಳು: ‘ನಾಯಿ ಸಾಯುವುದಿಲ್ಲ.’ ತನ್ನ ಕ್ಯಾಸೆಟ್ಟಿನ ಮಟ್ಟಿಗೆ ಅದು ನಿಜವೇ ತಾನೇ? ಆಮೇಲೆ ಡ್ರೈವರ್ ವರ್ಷಕ್ಕೊಮ್ಮೆ ಅದನ್ನು ಒಯ್ಯುತ್ತಿದ್ದರು.

ಅಕ್ಕ ಸಾಕಿ ಬೆಳೆಸಿದ ತಮ್ಮ ಒಂದು ದಿನ ಹೇಳಿದ, “ಕೊಡಕ್ಕಾ, ಎಲ್ಲಾ ಚೀಟೀನೂ ಕಂಪ್ಯೂಟರಿಗೆ ಹಾಕಿಕೊಡ್ತೀನಿ. ಹರಿದುಹೋದ್ರೆ ಏನ್ ಮಾಡ್ತೀಯ?”

ಅಕ್ಕ ಉಬ್ಬಿಹೋದಳು. ಚೀಟಿಗಳನ್ನೆಲ್ಲ ನಕಲು ಮಾಡಿಟ್ಟಿದ್ದ ಎರಡು ನೋಟ್‌ಬುಕ್ಕನ್ನು ಅವನ ಕೈಗೆ ಕೊಟ್ಟಳು. ಎರಡು ತಿಂಗಳಲ್ಲಿ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ, ಗುಂಡಿ ಒತ್ತಿದರೆ ಸಿನಿಮಾ ಡಿಸ್ಕ್ ಉಗುಳುವ ಮಷಿನ್ ಬಂತು. ತಮ್ಮನಿಗೆ ಅದರ ಕಂಪನಿಯಲ್ಲೇ ಕೆಲಸವೂ ಸಿಕ್ಕಿತು. ಎಲ್ಲಾದರೂ ದುಡಿಯಲಿ ಎಂದು ಅಕ್ಕ ತಪ್ಪು ತಿಳಿಯಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅವಳು ನೊಣ ಹೊಡೆಯುತ್ತ ಕೂತಳು.

ಒಂದು ಬೆಳಗ್ಗೆ ಡ್ರೈವರ್ ದುಮುಗುಟ್ಟುತ್ತ ಬಂದರು.

“ಏನಮ್ಮಾ, ಹೀಗಾ ಮೋಸ ಮಾಡೋದು? ನಾಯಿ ಸತ್ತೋಯ್ತು!”

“ಯಾವ ನಾಯಿ? ನೀವು ಇಲ್ಲಿಗೆ ಬಂದೇ ವರ್ಷದ ಮೇಲಾಯ್ತಲ್ಲ?”

ಅವರು ತಲೆ ತಗ್ಗಿಸಿದರು. “ಮಷಿನ್ನಿಂದ ತಂದೆ. ಅದರಲ್ಲೂ ನಿಮ್ಮದೇ ಮಾತು ಇತ್ತಲ್ಲಮ್ಮ. ಅದನ್ನ ನಂಬಿ ಮೊಮ್ಮಗಳನ್ನೂ ಕೂರಿಸ್ಕೊಂಡೆ. ಅವಳಿನ್ನೂ ಅಳ್ತಾ ಇದಾಳೆ.”

ಅಕ್ಕ ಅಂಗಡಿಯನ್ನು ತೆರೆದೇ ಬಿಟ್ಟು ಓಡಿದಳು. ಮಷಿನ್ನಿನ ಪರದೆಯ ಮೇಲೆ ಅವಳ ಸಾಲುಗಳೇ ಸಾಲಾಗಿದ್ದವು. ಅತ್ತೆಯೂ ಇದ್ದಳು, ಆಸ್ಪತ್ರೆಯೂ ಇತ್ತು, ಒಂದಕ್ಷರ ಆಚೀಚೆ ಇಲ್ಲ. ಪಕ್ಕದಲ್ಲಿ ತಮ್ಮ ಮಷಿನ್ನಿಗೆ ಹೊಸ ಡಿಸ್ಕ್ ತುಂಬುತ್ತಿದ್ದ. ಅವಳು ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು.

“ನನ್ನ ಮಾತನ್ನೇ ಕದ್ದು ಕೊಟ್ಯೇನೋ?”

“ಕದ್ದಿಲ್ಲಕ್ಕಾ. ಕೆಲಸ ಕೇಳೋಕೆ ಹೋದಾಗ ತೋರಿಸಿದೆ, ಅವರಿಗೆ ಇಷ್ಟ ಆಯ್ತು.”

ಅಷ್ಟಕ್ಕೇ ನಿಲ್ಲಿಸಿದ್ದರೆ ಅಕ್ಕ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಮಹಾಶಯ ಅವಳ ಮೇಲೇ ತಿರುಗಿಬಿದ್ದ. “ನೀನು ಮಾಡಿದ್ದು ಸರೀನಾ? ಸುಳ್ಳು ಬರೆದಿಟ್ಟೆ, ನಾಯಿ ಸತ್ತೋಯ್ತು ಅಂತ ದೂರು ಬಂದು ಕಂಪನಿ ಸಾಹೇಬ್ರು ನನಗೆ ಉಗಿದ್ರು. ಇನ್ನೂ ಯಾವ್ಯಾವುದು ಸುಳ್ಳು, ಹೇಳಿಬಿಡು.”

ಸುಳ್ಳು ಅದೊಂದೇ ಎಂದು ಅವಳಿಗೆ ಗೊತ್ತಿತ್ತು.

“ಕೂತು ನೋಡಪ್ಪ,” ಎಂದಳು. “ನಾನೂ ಒಂದೊಂದನ್ನೂ ನೋಡೇ ಬರೆದಿದ್ದು. ಎರಡು ಸಾವಿರ ಇವೆ.”

ನಂಬಿದ ಜನರಿಗೆ ಮುಖ ತೋರಿಸಲಾಗದೆ ಆ ವಾರವೇ ಅವಳು ಅಂಗಡಿ ಮುಚ್ಚಿದಳು. ಷಟರಿನ ಮೇಲೆ ಒಂದು ಚೀಟಿ ಅಂಟಿಸಿದಳು: ‘ಮೊದಲರ್ಧ ಚೆನ್ನಾಗಿದೆ. ಕೊನೆಯಲ್ಲಿ ತಮ್ಮ ಕೈಕೊಡುತ್ತಾನೆ.’

ಈ ಸಲ ಅವಳು ಕೊನೆಯನ್ನು ಕತ್ತರಿಸಿರಲಿಲ್ಲ.