ಬಾರದವರ ಪರವಾಗಿ ಮೆಟ್ಟಿಲೇರುವ ತಿಲಾದೊ

ವಾಗಡೂಗುವಿನ ತಾಂಪೂಯಿ ಬಡಾವಣೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ರಾತ್ರಿಯ ಗಾಳಿ ಎಬ್ಬಿಸಿದ ಕೆಂಧೂಳು ಇನ್ನೂ ಕೂತಿಲ್ಲ. ತಿಲಾದೊ ಕಫಾಂದೊ ತನ್ನ ಹಳೆಯ ಮೊಪೆಡ್ ನಿಲ್ಲಿಸಿ, ಬೆನ್ನಿಗೆ ಬಿಗಿದ ಬಟ್ಟೆಯ ಗಂಟು ಬಿಚ್ಚುತ್ತಾಳೆ. ಅದು ಕೂಸನ್ನು ಕಟ್ಟಿಕೊಳ್ಳುವ ಬಟ್ಟೆ. ಒಳಗಿರುವುದು ಕಂಚಿನ ಕೊಕ್ಕರೆ, ನಿನ್ನೆ ಇಳಿಹೊತ್ತು ಚಿತ್ರರಂಗದ ಸಂಘದವರು ಅತ್ಯುತ್ತಮ ಛಾಯಾಗ್ರಾಹಕನಿಗೆ ಕೊಟ್ಟ ಪ್ರಶಸ್ತಿ. ಗೆದ್ದ ಹರೂನಾ ಬಂದಿರಲಿಲ್ಲ; ಅಬಿಜಾನ್ ಪಟ್ಟಣದಿಂದ ಅವನು ಬರುತ್ತಿದ್ದ ಬಸ್ಸು ಗಡಿಯಲ್ಲಿ ಕೆಟ್ಟು ನಿಂತಿತ್ತು. ಅವನ ಪರವಾಗಿ ವೇದಿಕೆ ಹತ್ತಿದವಳು ತಿಲಾದೊ.

ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದ ಹರೂನಾನ ಹೆಂಡತಿ ರಸ್ಮಾತಾ ಇವಳನ್ನು ಕಂಡದ್ದೇ ಒನಕೆ ಹಿಡಿದು ನಿಂತುಬಿಡುತ್ತಾಳೆ. ಹತ್ತಿರ ಬರುವುದಿಲ್ಲ.

"ಬೆಚ್ಚಗಿದೆ ಕಣೇ, ಮುಟ್ಟಿ ನೋಡು," ಎನ್ನುತ್ತಾಳೆ ತಿಲಾದೊ.

"ಅಲ್ಲೇ ನಿಲ್ಲಿ ಅಕ್ಕ. ಮೊದಲು ಅವರ ದನಿ ಕೇಳ್ತೀನಿ."

ಫೋನು ರಿಂಗಾಗುತ್ತಲೇ ಇರುತ್ತದೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುವುದಿಲ್ಲ. ಕೊನೆಗೆ ಆ ಕಡೆಯಿಂದ ನಿದ್ದೆಗೆಟ್ಟ ಗಂಡಸೊಬ್ಬ ಬೈಯುತ್ತಾನೆ. ಬೈಗುಳ ಕೇಳಿ ರಸ್ಮಾತಾ ಕುಸಿದು ಕೂತು ನಗುತ್ತಾಳೆ, ಆಮೇಲೆ ಕೊಕ್ಕರೆಗೆ ಕೈ ಚಾಚುತ್ತಾಳೆ. ಬಂದವಳಿಗೆ ಕುಡಿಯಲು ನೀರು ಕೊಡುವುದು ಮರೆತೇ ಹೋಗುತ್ತದೆ.

ಸಂಘದವರದೇ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವುದು ತಿಲಾದೊಳ ಕೆಲಸ. ಮದುವೆಯಾದ ವರ್ಷ ಸೇರಿದವಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಬಹಳ ಹಿಂದೆ ಅಲ್ಲೇ ನಡೆದ ಒಂದು ಪ್ರಶಸ್ತಿ ಸಮಾರಂಭದಲ್ಲಿ ಸಂಕಲನಕಾರನೊಬ್ಬನ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ವೇದಿಕೆಗೆ ಹತ್ತಿರ ನಿಂತಿದ್ದವಳು ಇವಳೇ ಆದ್ದರಿಂದ ಸಂಘದ ಕಾರ್ಯದರ್ಶಿ ಕಣ್ಸನ್ನೆ ಮಾಡಿದರು, ಇವಳು ಹತ್ತಿದಳು. ಅವಳಿಗೆ ಅದು ಹೊಸದೆನಿಸಲಿಲ್ಲ. ಅವಳ ಸೋದರತ್ತೆ ಊರಿನ ಸಾವಿನ ಮನೆಗಳಲ್ಲಿ ಸತ್ತವರ ಬಟ್ಟೆ ತೊಟ್ಟು, ಅವರಂತೆಯೇ ಕೆಮ್ಮಿ, ಕಾಲೆಳೆದು ನಡೆದು ನೆಂಟರನ್ನು ನಗಿಸಿ ಅಳಿಸುತ್ತಿದ್ದವಳು.

"ಇಲ್ಲದವರ ಜಾಗದಲ್ಲಿ ಯಾರಾದರೂ ನಿಲ್ಲಬೇಕಲ್ವಾ?" ಎನ್ನುತ್ತಾಳೆ ತಿಲಾದೊ. "ಖಾಲಿ ಬಿಟ್ರೆ ಇನ್ನೇನೋ ಬಂದು ನಿಲ್ಲತ್ತೆ."

ಚಿತ್ರಮಂದಿರದ ಎದುರಿನ ಕಾಫಿ ಗೂಡಂಗಡಿಯಲ್ಲಿ ಪ್ರಶಸ್ತಿಗಳ ದಾಖಲೆ ಹೇಳಿ ಪಂದ್ಯ ಕಟ್ಟುವುದೇ ಜನರ ಬೆಳಗಿನ ಕಾಯಕ. ಅತಿ ಹೆಚ್ಚು ಕೊಕ್ಕರೆ ಗೆದ್ದ ನಿರ್ದೇಶಕ ಯಾರು, ವೇದಿಕೆಯ ಮೇಲೇ ನಿದ್ದೆಹೋದ ಅತಿ ಕಿರಿಯ ನಟಿ ಯಾರು, ತಂದೆ ಮಗಳು ಒಟ್ಟಿಗೆ ಗೆದ್ದದ್ದು ಯಾವ ವರ್ಷ ಎಂದು ಗಲಾಟೆ ನಡೆಯುತ್ತದೆ. ಅತಿ ಹೆಚ್ಚು ಸಲ ಕೊಕ್ಕರೆಯನ್ನು ಕೈಯಲ್ಲಿ ಹಿಡಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಅವಳ ಹೆಸರೆತ್ತಲು ಯಾರಿಗೂ ಬಾಯಿ ಬರುವುದಿಲ್ಲ.

ಗೆದ್ದವರು ಮೊದಲೇ ತೀರಿಕೊಂಡಿದ್ದರೆ, ಅಷ್ಟು ದೀಪಗಳ ಬಿಸಿಯಲ್ಲೂ ಕಂಚು ಅವಳ ಕೈಗೆ ತಣ್ಣಗೆ ತಾಗುತ್ತಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ನಟಿ ಕೊರೊತಿಮಿ ಡ್ರಾಬೊ ದಾರಿಯಲ್ಲಿದ್ದಾಳೆ, ಇನ್ನೇನು ಬಂದುಬಿಟ್ಟಳು ಎಂದರು. ಅವಳ ಪರವಾಗಿ ಕೊಕ್ಕರೆ ಎತ್ತಿದ ತಿಲಾದೊ ವಂದನೆ ಹೇಳಲಾರದೆ ನಿಂತಳು. ಬೆರಳುಗಳು ಮರಗಟ್ಟಿದ್ದವು. ಕೆಳಗಿಳಿಯುವಷ್ಟರಲ್ಲಿ ಸುದ್ದಿ ಬಂತು: ಕೊರೊತಿಮಿಯ ಕಾರು ಲಾರಿಗೆ ಸಿಕ್ಕಿತ್ತು. ಮುಂದೊಂದು ವರ್ಷ ಸಂಗೀತಗಾರನೊಬ್ಬನಿಗೂ ಹಾಗೇ ಆಯಿತು. ಅಂದಿನಿಂದ ಗೆಲ್ಲುವ ಆಸೆಯಿರುವವರು ಜ್ವರದಲ್ಲೂ, ಮುರಿದ ಕಾಲಲ್ಲೂ ತಾವೇ ಬರುತ್ತಾರೆ. ಹಾಜರಿ ಸುಧಾರಿಸಿತು ಎಂದು ಕಾರ್ಯದರ್ಶಿ ನಕ್ಕರಂತೆ. ತಿಲಾದೊ ನಗಲಿಲ್ಲ.

"ಸಾವು ಬಂದಿದ್ದಕ್ಕೆ ನಾನು ಹತ್ತಿದೆನೋ, ನಾನು ಹತ್ತಿದ್ದಕ್ಕೆ ಸಾವು ಬಂತೋ, ಯಾರನ್ನ ಕೇಳಲಿ?"

ಈ ವರ್ಷ ಲಸಿನಾ ಪಾರೆಯ ಸರದಿ. ಏಳು ಸಲ ಕೊನೆಯ ಸುತ್ತಿಗೆ ಬಂದು ಒಮ್ಮೆಯೂ ಗೆಲ್ಲದ ಮುದಿ ನಟ ಅವನು. ಗೂಡಂಗಡಿಯಲ್ಲಿ ಅದೂ ಒಂದು ದಾಖಲೆ. ಈ ಸಲ ಗೆಲ್ಲುವುದು ಅವನೇ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಅವನು ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಸಮಾರಂಭದ ಹಿಂದಿನ ದಿನ ತಿಲಾದೊಗೆ ಹೇಳಿಕಳಿಸಿದ.

ಅವನು ಸಾಮೊ, ಇವಳು ಮೊಸ್ಸಿ. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು 'ನನ್ನ ಆಳು' ಎಂದು ಹಂಗಿಸಲೇಬೇಕು, ಸಿಟ್ಟಾಗುವಂತಿಲ್ಲ. ಸಾವಿನ ಮನೆಯಲ್ಲೂ ಈ ತಮಾಷೆಗೆ ತಡೆಯಿಲ್ಲ.

"ಬಂದ್ಯಾ, ನನ್ನ ಆಳೇ?" ಎಂದ ಪಾರೆ.

"ಆಳು ನೀನು. ಯಜಮಾನಿ ಬಂದ್ರೂ ಏಳಲ್ಲ, ಎಷ್ಟು ಸೊಕ್ಕು."

ಅವನು ನಗಲಿಲ್ಲ. ಅವಳ ಮುಂಗೈ ಹಿಡಿದುಕೊಂಡ. "ತಿಲಾದೊ, ನಾಳೆ ನನ್ನ ಹೆಸರು ಕೂಗಿದಾಗ ಹತ್ತಬೇಡ."

ಹೆಸರು ಹಿಡಿದು ಅವನು ಅವಳನ್ನು ಕರೆದದ್ದು ಅದೇ ಮೊದಲು.

ನಿನ್ನೆ ಅವನ ಹೆಸರು ಕೂಗಿದರು. ಸಭೆಯ ಕಣ್ಣೆಲ್ಲ ಇವಳತ್ತ ತಿರುಗಿತು. ಕಾರ್ಯದರ್ಶಿ ಸನ್ನೆ ಮಾಡಿದರು, ಮತ್ತೆ ಮಾಡಿದರು, ಆಮೇಲೆ ಕಣ್ಣು ಕೆಂಪಗೆ ಮಾಡಿದರು. ತಿಲಾದೊ ನೆಲದ ಮೇಲೆ ಕೂತುಬಿಟ್ಟಳು. ಕೊಕ್ಕರೆ ಮೇಜಿನ ಮೇಲೇ ಉಳಿಯಿತು. ಆ ಮೌನದಲ್ಲಿ ವೇದಿಕೆಯ ಮರದ ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿದ್ದನ್ನು ಮುಂದಿನ ಸಾಲಿನವರೆಲ್ಲ ಕೇಳಿದ್ದಾರೆ. ಹತ್ತಿದವರು ಯಾರೂ ಇರಲಿಲ್ಲ. ಮೇಜಿನವರೆಗೆ ಹೋದ ಸದ್ದು ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಇಳಿದುಹೋಯಿತು.

ರಸ್ಮಾತಾಳ ಮನೆಯಿಂದ ತಿಲಾದೊ ನೇರ ಪಾರೆಯ ಮನೆಗೆ ಮೊಪೆಡ್ ತಿರುಗಿಸುತ್ತಾಳೆ. ಗೇಟು ತೆರೆದಿದೆ, ಅಂಗಳದಲ್ಲಿ ಸದ್ದಿಲ್ಲ. ಅವಳು ಒಳಗೆ ಹೋಗಲಾರದೆ ಗೋಡೆ ಹಿಡಿದು ನಿಲ್ಲುತ್ತಾಳೆ.

"ಬಾಗಿಲಲ್ಲಿ ಯಾರು, ನನ್ನ ಆಳಾ?" ಎಂಬ ದನಿ ಕೇಳುತ್ತದೆ. ಪಾರೆ ಮಾವಿನ ಮರದ ಕೆಳಗೆ ಕೂತು ಅಲಸಂದೆ ಅನ್ನ ತಿನ್ನುತ್ತಿದ್ದಾನೆ.

ವಾರಗಳು ಕಳೆದು ಈಗ ಏಪ್ರಿಲ್. ಹೇಳಿದ್ದು ಕೇಳಲಿಲ್ಲವೆಂದು ಕಾರ್ಯದರ್ಶಿ ತಿಲಾದೊಳನ್ನು ಬಾಗಿಲಲ್ಲಿ ಟಿಕೆಟ್ ಹರಿಯಲು ಹಾಕಿದ್ದಾರೆ. ಪಾರೆಯ ಕೊಕ್ಕರೆಯನ್ನು ಮುಟ್ಟಲು ಯಾರೂ ಒಪ್ಪದೆ ಅದು ಇನ್ನೂ ವೇದಿಕೆಯ ಮೇಜಿನ ಮೇಲೇ ಇದೆ. ಬಿಸಿಲಿಗೆ ಊರು ಬೇಯುತ್ತಿದ್ದರೂ, ಬೆಳಗ್ಗೆ ಬಾಗಿಲು ತೆರೆದಾಗ ಅದರ ಮೈಮೇಲೆ ಹನಿ ಕಟ್ಟಿರುತ್ತದೆ. ಬಂದು ಒಯ್ಯಲಿ ಎಂದು ಸಂಘದವರು ಹೇಳಿಕಳಿಸಿದರೆ, ತನಗೇನೂ ಅವಸರವಿಲ್ಲ ಎಂದು ಪಾರೆ ಉತ್ತರಿಸಿದನಂತೆ.

ನಿನಗೇನು ಬೇಕು ಎಂದು ಕೇಳಿದರೆ ತಿಲಾದೊ ಹರಿದ ಟಿಕೆಟ್ಟುಗಳನ್ನು ಮಡಿಲಿನಿಂದ ಕೊಡವುತ್ತಾಳೆ.

"ಆ ಮುದುಕ ಒಂದಿನ ಸಾಯ್ತಾನೆ, ನಾವೂ ಸಾಯ್ತೀವಿ. ಅವನ ಹೊತ್ತು ಬಂದಾಗ ಹೋಗಲಿ. ನನ್ನ ಕೈಯಿಂದ ಬೇಡ, ಅಷ್ಟೇ."