ಸೋಮವಾರದ ಸ್ಕೂಲ್ ಟ್ರಿಪ್

ಗ್ಯಾಸ್ ರೇಟು ಏರುತ್ತಲೇ ಹೋದ ವರ್ಷ ನಾನೂ ನನ್ನ ಗೆಳೆಯನೂ ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರದೂ ಆಟೋ, ಇಬ್ಬರಿಗೂ ಅಂಜನಾಪುರದಿಂದ ಜೆ.ಪಿ. ನಗರದ ಒಂದೇ ಶಾಲೆಗೆ ಟ್ರಿಪ್. ನನ್ನ ಗಾಡಿಗೆ ನಾಲ್ಕು ಮಕ್ಕಳು, ಅವನದಕ್ಕೆ ಮೂರು. ಒಂದೇ ದಾರಿಯಲ್ಲಿ ಎರಡು ಗಾಡಿ ಹಿಂದೆ ಮುಂದೆ ಓಡಿಸಿ ಗ್ಯಾಸ್ ಸುಡುವುದು ಯಾವ ಜಾಣತನ? ಸೋಮವಾರ, ಬುಧವಾರ, ಶುಕ್ರವಾರ ಏಳೂ ಮಕ್ಕಳು ನನ್ನ ಗಾಡಿಗೆ. ಮಿಕ್ಕ ಮೂರು ದಿನ ಅವನ ಗಾಡಿಗೆ.

ಭಾನುವಾರ ಇಬ್ಬರೂ ಒಟ್ಟಿಗೇ ಬಂಕಿನ ಕ್ಯೂ ಹಿಡಿಯುತ್ತಿದ್ದೆವು. ಮುಂದಿನ ಗಾಡಿ ಸರಿದಾಗಲೆಲ್ಲ ಇಳಿದು ತಳ್ಳುವುದು. ಸ್ಟಾರ್ಟ್ ಮಾಡಿದರೆ ಅದಕ್ಕೂ ಗ್ಯಾಸ್ ದಂಡ. ಹಾಗೆ ತಳ್ಳುತ್ತಲೇ ಒಮ್ಮೆ ಅವನಿಗೆ ಹೇಳಿದೆ: ಎಡಗಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ ಮಾಡಿಸಬೇಕಂತೆ. ಬಲಗಣ್ಣು ಚೆನ್ನಾಗಿಯೇ ಇತ್ತು. ಬೇಸಿಗೆ ರಜೆಯವರೆಗೆ ತಡೆದರೆ ಟ್ರಿಪ್ ಕೈತಪ್ಪುವುದಿಲ್ಲ ಎಂಬುದು ನನ್ನ ಯೋಚನೆ. ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನು ಹಾಗೆ ಯೋಚಿಸಬಾರದಿತ್ತು, ಒಪ್ಪುತ್ತೇನೆ. ಅವನು ಹೆಗಲ ಮೇಲೆ ಕೈಯಿಟ್ಟು, “ರಜೇಲಿ ಮಾಡಿಸ್ಕೊ ಗುರು. ಅಲ್ಲೀವರ್ಗೂ ಯಾರ್ಗೂ ಹೇಳ್ಬೇಡ, ನಾನಿದೀನಲ್ಲ” ಎಂದ.

ಎರಡು ವಾರದ ನಂತರ ಒಂದು ಸೋಮವಾರ ಮೊದಲ ಮನೆಯ ಮುಂದೆ ಹಾರ್ನ್ ಹೊಡೆದೆ. ಮಗು ಬರಲಿಲ್ಲ, ತಾಯಿ ಬಂದರು. ನಾಲ್ಕು ವರ್ಷದಿಂದ ಆ ಮಗುವನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ನನ್ನ ಗೆಳೆಯ ಆಗಲೇ ಬಂದು ಹೋದನಂತೆ, ಇನ್ನು ಮೇಲೆ ದಿನವೂ ಅವನೇ ಬರುತ್ತಾನಂತೆ. ಸ್ವಲ್ಪ ಹಿಂಜರಿದು ಕೇಳಿದರು, “ಅಣ್ಣಾ, ನಿಮ್ಗೆ ಒಂದ್ ಕಣ್ಣು ಕಾಣಲ್ವಂತೆ, ಹೌದಾ?”

ಸುಳ್ಳು ಎನ್ನಲು ಬಾಯಿ ಬರಲಿಲ್ಲ. ಆಪರೇಷನ್ ಆದರೆ ಸರಿಹೋಗುತ್ತದೆ ಎಂದು ಏನೋ ತೊದಲಿದೆ. ಅವರು ಬೈಯಲಿಲ್ಲ, ಗೇಟು ಹಾಕಿಕೊಂಡು ಒಳಗೆ ಹೋದರು. ಮಿಕ್ಕ ಮೂರು ಮನೆಗಳಿಗೂ ಹೋದೆ. ಎಲ್ಲ ಕಡೆಗೂ ಅವನು ನನಗಿಂತ ಮುಂಚೆ ಹೋಗಿದ್ದ.

ಜಯನಗರದ ಆಟೋ ಸ್ಟ್ಯಾಂಡಿನಲ್ಲಿ ಸಿಕ್ಕ. ಕಾಲರ್ ಹಿಡಿಯಬೇಕೆಂದೇ ಹೋಗಿದ್ದೆ. ಅವನು ಸೀಟು ಒರೆಸುತ್ತ, ನನ್ನ ಮುಖ ನೋಡದೆ, ಈ ರೇಟಿನಲ್ಲಿ ಮೂರು ಮಕ್ಕಳನ್ನು ನಂಬಿಕೊಂಡರೆ ತನ್ನ ಮನೆ ನಡೆಯುವುದಿಲ್ಲ ಎಂದ. ಆಮೇಲೆ ಮೆಲ್ಲಗೆ, “ನಾನೇನ್ ಸುಳ್ಳ್ ಹೇಳಿದ್ನಾ?” ಎಂದ.

ಹೇಳಿರಲಿಲ್ಲ. ಎತ್ತಿದ ಕೈ ಹಾಗೇ ಇಳಿಯಿತು. ನಂಬಿಸಿ ಕತ್ತು ಕೊಯ್ದವನ ಮುಂದೆ ನಾನೇ ತಪ್ಪಿತಸ್ಥನಂತೆ ನಿಂತಿದ್ದೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಸ್ಕೂಲ್ ಟ್ರಿಪ್ ಕೈತಪ್ಪಿತೆಂದೆ. ಯಾಕೆಂದು ಹೆಂಡತಿ ಕೇಳಿದಳು. ಗಾಬರಿಯಾಗುತ್ತಾಳೆಂದು ಅವಳಿಂದ ಮುಚ್ಚಿಟ್ಟಿದ್ದ ಕಣ್ಣಿನ ವಿಷಯವನ್ನು ಹೇಳಲೇಬೇಕಾಯಿತು. ಅವನು ಮಾಡಿದ ದ್ರೋಹವನ್ನೂ ಹೇಳಿ, ಅವಳೂ ನನ್ನ ಜೊತೆ ಸೇರಿ ಅವನನ್ನು ಬೈಯುತ್ತಾಳೆಂದು ಕಾದೆ. ಅವಳು ತಟ್ಟೆ ಮುಂದಿಟ್ಟು ಒಂದೇ ಮಾತು ಕೇಳಿದಳು.

“ನಂಗಿಂತ ಮುಂಚೆ ನಿಮ್ ಫ್ರೆಂಡ್‌ಗೆ ಹೇಳಿದ್ರಾ?”